ಮೂರನೆಯ ರಮಾನಾಥ

ಕುರ್ಲಾ ಸ್ಟೇಷನ್ನಿನಿಂದ ಹೊರಗೆ ಬಿದ್ದು, ಇದ್ದಿಲ ಹೊಗೆಯನ್ನೂ ಟಾಂಗಾದವರ ಬೈಗುಳವನ್ನೂ ದಾಟಿ ಬಂದರೆ ಸಿಗುವ ಹೆಬ್ಬಾರರ ಹೋಟೆಲಿನಲ್ಲಿ ಚಾ ಮಾಡುವವನ ಹೆಸರು ರಮಾನಾಥ. ಯಾವ ರಮಾನಾಥ ಎಂದು ಕೇಳಬೇಡಿ. ಆ ಒಲೆಯ ಮುಂದೆ ಯಾರು ನಿಂತರೂ ಅವನು ರಮಾನಾಥನೇ.

ಮೊದಲನೆಯವನದು ನಿಜವಾಗಿಯೂ ಅದೇ ಹೆಸರಾಗಿತ್ತು. ಯುದ್ಧದ ಕಾಲದಲ್ಲಿ ಹೋಟೆಲು ತೆರೆದಾಗ ಬಂದವನು. ರೈಲ್ವೆ ಶೆಡ್ಡಿನ ಕೂಲಿಗಳು ಒಳಗೆ ಕಾಲಿಡುವ ಮೊದಲೇ ರಸ್ತೆಯಿಂದ "ರಮಾನಾಥ, ದೋನ್ ಚಾ!" ಎಂದು ಕೂಗಿ ಕೂಗಿ ಆ ಕೂಗು ಗೋಡೆಗೇ ಅಂಟಿಕೊಂಡುಬಿಟ್ಟಿತ್ತು. ಅವನು ಹೆಬ್ಬಾರರ ಜೊತೆ ಜಗಳವಾಡಿ ಗೋರೆಗಾಂವಿನಲ್ಲಿ ಸ್ವಂತ ಅಂಗಡಿ ಹಾಕಲು ಹೊರಟುಹೋದ. ಅವನ ಜಾಗಕ್ಕೆ ಬಂದವನ ಹೆಸರು ಬೇರೆ ಏನೋ ಇತ್ತು, ಈಗ ಯಾರಿಗೂ ನೆನಪಿಲ್ಲ. ಗಿರಾಕಿಗಳು ರಮಾನಾಥ ಎಂದು ಕೂಗಿದರೆ ಅವನು ಮೊದಮೊದಲು ಓಗೊಡುತ್ತಿರಲಿಲ್ಲ. ಆಗ ಹೆಬ್ಬಾರರು ದುಡ್ಡಿನ ಗಲ್ಲೆಯಿಂದಲೇ ತೀರ್ಪು ಕೊಟ್ಟರು: "ಗಿರಾಕಿಗಳಿಗೆ ಹೊಸ ಹೆಸರು ಕಲಿಸ್ಲಿಕ್ಕೆ ಎಂತ ನಾನು ಶಾಲೆ ಇಟ್ಟಿದ್ದೇನಾ? ಲೋಟ ಒಡೆದ್ರೆ ಬೇರೆ ಲೋಟ ತರ್ತೇವೆ. ಅದಕ್ಕೆ ನಾಮಕರಣ ಮಾಡ್ತೇವಾ? ನೀನೇ ರಮಾನಾಥ ಆಗು."

ಅವನೂ ಆದ. ಎರಡು ವರ್ಷ ರಮಾನಾಥನಾಗಿದ್ದು, ಕಾಂದಿವಲಿಯ ಯಾವುದೋ ಕಾರಖಾನೆ ಸೇರಿಕೊಂಡ. ನಲವತ್ತೊಂಬತ್ತರಲ್ಲಿ ಬಂದ ಮೂರನೆಯವನು ನಮ್ಮ ಐತ.

ಐತ ಕಾರ್ಕಳದ ಕಡೆಯವನು. ಅವನನ್ನು ಹೋಟೆಲಿಗೆ ಕರೆತಂದವನು ಅಲ್ಲೇ ತಿಂಡಿ ಕೊಡುವ ಕೆಲಸದಲ್ಲಿದ್ದ ಅಣ್ಣು. "ನಮ್ಮ ಊರಿನ ಹುಡುಗ ಧಣಿ, ಕೈ ಚುರುಕು," ಎಂದ. ಹೆಬ್ಬಾರರು ತಲೆಯೆತ್ತಿ ಒಮ್ಮೆ ನೋಡಿ, "ಒಲೆ ಹತ್ರ ನಿಲ್ಲಿಸು," ಎಂದರು. ಹೆಸರು ಕೇಳಲಿಲ್ಲ. ಕೇಳುವುದು ಏನಿತ್ತು, ಹೆಸರು ಆಗಲೇ ಒಲೆಯ ಮುಂದೆ ಕಾದು ನಿಂತಿತ್ತಲ್ಲ! ಜಾತಿಯನ್ನೂ ಕೇಳಲಿಲ್ಲ. ಹೆಬ್ಬಾರರು ಜಾಣರು. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ. ಆ ಕಾಲದಲ್ಲಿ ಒಳ್ಳೆಯ ಚಾ ಮಾಡುವವನು ಸಿಗುವುದು ಅಷ್ಟೇನೂ ಸುಲಭವಿರಲಿಲ್ಲ.

ಐತನಿಗೆ ಸ್ವರ್ಗ ಸಿಕ್ಕಿದಂತಾಯಿತು. ಯಾಕೆಂದರೆ ಊರಿನಲ್ಲಿ ಅವನ ಹೆಸರೇ ಅವನ ಹಗೆ. ಮುಟ್ಟಬಾರದವರೆಂದು ಗುಡ್ಡದ ಬುಡಕ್ಕೆ ತಳ್ಳಿದ ಕೊಪ್ಪದಲ್ಲಿ ಮಕ್ಕಳಿಗೆ ದೇವರ ಹೆಸರಿಡುವ ಹಾಗಿರಲಿಲ್ಲ. ಆದಿತ್ಯವಾರ ಹುಟ್ಟಿದವನು ಐತ, ಮಂಗಳವಾರ ಹುಟ್ಟಿದವನು ಅಂಗಾರ, ಶುಕ್ರವಾರದವನು ತುಕ್ರ. ಧಣಿಗಳ ಮಕ್ಕಳಿಗೆ ಸಾವಿರ ನಾಮದ ಪಟ್ಟಿಯಿಂದ ಆರಿಸಿದ ಹೆಸರು. ಇವರಿಗೆ ವಾರಕ್ಕೆ ಏಳೇ ದಿನ, ಆದ್ದರಿಂದ ಹೆಸರೂ ಹೆಚ್ಚುಕಡಿಮೆ ಏಳೇ. ಕೊಪ್ಪದಲ್ಲಿ ಮೂವರು ಐತಂದಿರಿದ್ದರು. ಗದ್ದೆಯ ಬದುವಿನಲ್ಲಿ ನಿಂತು ಧಣಿ "ಐತಾ" ಎಂದರೆ ಮೂವರೂ ಓಡಬೇಕು, ಪೆಟ್ಟು ಯಾರಿಗೋ ನೋಡಿಕೊಂಡು ಉಳಿದಿಬ್ಬರು ಹಿಂದೆ ಬರಬೇಕು. ಆ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಸಾಕು, ಕೇಳಿದವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಇಲ್ಲಿ ರಮಾನಾಥ ಎಂದರೆ ಜನ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು, ಲೋಟ ಹಿಡಿದುಕೊಂಡು. ಏಳು ವರ್ಷ ಅವನು ಆ ಹೆಸರಿನೊಳಗೆ ಬೆಚ್ಚಗೆ ಕೂತ. ಅದೇ ಹೆಸರಿನಲ್ಲಿ ಉಂಡ, ಅದೇ ಹೆಸರಿನಲ್ಲಿ ಹೋಟೆಲಿನ ಅಟ್ಟದ ಮೇಲೆ ಮಲಗಿದ. ಚಾ ಮಾತ್ರ ಅವನದೇ. ಹಾಲನ್ನು ಯಾವಾಗ ಹೊಯ್ಯಬೇಕು, ಪುಡಿ ಎಷ್ಟು ಕುದಿ ತಾಳುತ್ತದೆ ಎಂಬುದನ್ನು ಅವನು ಪಾತ್ರೆಯ ಸದ್ದು ಕೇಳಿಯೇ ಹೇಳಬಲ್ಲವನಾಗಿದ್ದ.

ಒಮ್ಮೆ ಮಾತ್ರ ಆ ಹೆಸರು ಅವನನ್ನು ಕುಟುಕಿತ್ತು. ಮೊದಲ ಚುನಾವಣೆಯ ಸಮಯ. ಮತದಾರರ ಪಟ್ಟಿಗೆಂದು ಬಂದವರಿಗೆ ಹೆಬ್ಬಾರರು ಗಲ್ಲೆಯಲ್ಲಿ ಕೂತೇ ಎಲ್ಲರ ಹೆಸರು ಹೇಳಿ ಬರೆಸಿದ್ದರು. ಚಾದವನ ಸರದಿ ಬಂದಾಗ, ಮೊದಲನೆಯ ರಮಾನಾಥನ ವಿವರವೇ ಬಾಯಿಗೆ ಬಂತು: ರಮಾನಾಥ, ತಂದೆ ವಾಸುದೇವ, ವಯಸ್ಸು ನಲವತ್ತು. ಮತ ಹಾಕುವ ದಿನ ಐತನನ್ನು ಅದೇ ಚೀಟಿ ಕೊಟ್ಟು ಕಳಿಸಿದರು. ಅಭ್ಯರ್ಥಿಗೊಂದರಂತೆ ಇಟ್ಟ ಪೆಟ್ಟಿಗೆಗಳಲ್ಲಿ ಯಾವ ಗುರುತಿನದಕ್ಕೆ ಹಾಕಬೇಕೆಂಬುದನ್ನೂ ಅವರೇ ಹೇಳಿಕೊಟ್ಟರು. ದಾರಿಯುದ್ದಕ್ಕೂ ಐತ "ತಂದೆ ವಾಸುದೇವ, ತಂದೆ ವಾಸುದೇವ" ಎಂದು ಬಾಯಿಪಾಠ ಮಾಡಿಕೊಂಡು ಹೋದ. ಊರಿನಲ್ಲಿ ಅವನ ಅಪ್ಪ ದೂಜನಿಗೆ ಆ ಹೊತ್ತು ಬಿಕ್ಕಳಿಕೆ ಬಂದಿದ್ದರೆ, ಅದು ಮಗ ನೆನೆದನೆಂದೋ ಮರೆತನೆಂದೋ ಆ ಮುದುಕನಿಗೆ ತಿಳಿಯುವ ಬಗೆ ಇರಲಿಲ್ಲ. ಇಪ್ಪತ್ತೆರಡರ ಹುಡುಗ ನಲವತ್ತರವನ ಮತವನ್ನು ಹೆಬ್ಬಾರರ ಪೆಟ್ಟಿಗೆಗೆ ಹಾಕಿ ಬಂದ. ಸ್ವತಂತ್ರ ದೇಶದಲ್ಲಿ ಅವನು ಮಾಡಿದ ಮೊದಲ ಕೆಲಸ ಅದು.

ಈಗ ಎರಡನೆಯ ಚುನಾವಣೆ ಹತ್ತಿರ ಬರುತ್ತಿತ್ತು. ಐವತ್ತಾರರ ಒಂದು ಭಾನುವಾರ ಬೆಳಿಗ್ಗೆ ಶೆಟ್ಟೆಪ್ಪ ಮಾಸ್ತರರು ಕಂಕುಳಲ್ಲಿ ದಪ್ಪ ರಿಜಿಸ್ಟರು, ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಮಸಿಯ ದೌತಿ ಹಿಡಿದು ಹೋಟೆಲಿಗೆ ಬಂದರು. ಬೆಳಗಾವಿ ಕಡೆಯವರು, ಮುನಿಸಿಪಾಲಿಟಿ ಶಾಲೆಯಲ್ಲಿ ಮಾಸ್ತರಿಕೆ. ವಾರವೆಲ್ಲ ಹುಡುಗರ ಹಾಜರಿ ಬರೆದದ್ದು ಸಾಲದೆಂದು ಸರಕಾರ ಭಾನುವಾರ ದೊಡ್ಡವರ ಹಾಜರಿಗೆ ಹಚ್ಚಿತ್ತು.

ಅವರು ಗೋಡೆ ಬದಿಯ ಮೇಜಿನಲ್ಲಿ ಕೂತು ರಿಜಿಸ್ಟರು ಬಿಚ್ಚುವಷ್ಟರಲ್ಲಿ, ಹೋಟೆಲಿಗೆ ದಿನಾ ಕೊತ್ತಂಬರಿ ತರುವ ಚಂದ್ರವ್ವ ಬುಟ್ಟಿ ಇಳಿಸಿ ಎದುರಿಗೆ ನಿಂತಳು. ವಿಜಾಪುರದ ಹೆಂಗಸು, ದನಿ ಎಂದರೆ ಲೋಕಲ್ ಗಾಡಿಯ ಸಿಳ್ಳೆ.

"ಮಾಸ್ತರ, ಮೊದಲ ನನ್ನ ಹೆಸರು ಬರಕೋರಿ. ಹೋದ ಸರ್ತಿ ಇಂಥವರ ಹೇಣ್ತಿ ಅಂತ ಬರಕೊಂಡ್ರಿ. ಆಮ್ಯಾಲೆ ಇಕಿಗೆ ಹೆಸರಾ ಇಲ್ಲ ಅಂತ ಹೊಡದು ಹಾಕಿದ್ರಿ. ನಾ ಏನು ಹೆಸರಿಲ್ದ ಹುಟ್ಟೀನೇನು?"

"ನಾ ಅಲ್ಲವ್ವ ಹೊಡದಿದ್ದು. ಹೇಳು, ಈ ಸರ್ತಿ ಹೆಂಗಸರ ಸ್ವಂತ ಹೆಸರಾ ಬೇಕು ಅಂತ ಹುಕುಂ ಬಂದದ."

"ಚಂದ್ರವ್ವ!" ಅವಳು ಕಲ್ಲು ಎಸೆದ ಹಾಗೆ ಹೇಳಿದಳು. ಎರಡು ಮೇಜಿನಾಚೆ ಕೂತವರು ತಿರುಗಿ ನೋಡಿದರು.

"ಗಂಡನ ಹೆಸರು?"

ಸಿಳ್ಳೆ ಅಲ್ಲಿಗೆ ನಿಂತಿತು. ಚಂದ್ರವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. "ಅದನ್ನ ನಾ ಹ್ಯಾಂಗ ಹೇಳ್ಲಿರಿ?"

"ಮತ್ತ ನಾ ಹೇಳ್ಲೇನು? ಒಡಪ ಹಾಕಿ ಹೇಳವ್ವ. ಒಡಪಿಗೆ ಪಾಪ ಇಲ್ಲ."

ಗಂಡನ ಹೆಸರನ್ನು ಬರಿದೆ ಹೇಳಬಾರದು, ಹಾಡಿನ ಪ್ರಾಸಕ್ಕೆ ಪೋಣಿಸಿ ಹೇಳಬಹುದು ಎಂಬುದು ಅವರ ಕಡೆಯ ಪದ್ಧತಿ. ಮದುವೆ ಮನೆಯಲ್ಲಿ ಹೇಳುವುದನ್ನು ಹೋಟೆಲಿನಲ್ಲಿ ಹೇಳಬೇಕಾಗಿ ಬಂದ ಚಂದ್ರವ್ವ, ಚಾವಣಿ ನೋಡಿ, ಗಂಟಲು ಸರಿ ಮಾಡಿಕೊಂಡು, ಅಲ್ಲೇ ಹೊಸೆದುಬಿಟ್ಟಳು:

"ಕುರ್ಲಾ ಟೇಸನ್‌ದಾಗ ಕೂಗತೈತಿ ಕರೀ ಇಂಜಿನ್ನ,
ಕುಂತಲ್ಲೇ ಗೊರಕಿ ಹೊಡೀತಾರ ನಮ್ಮನಿ ಯಜಮಾನ,
ಸಿದ್ದಲಿಂಗಪ್ಪ ಅಂತೀನಿ, ಬರಕೋರಿ ಮಾಸ್ತರ, ಹೋಗಲಿ ಮಾನ!"

ಹೋಟೆಲಿಗೆ ಹೋಟೆಲೇ ನಕ್ಕಿತು. ಹೆಬ್ಬಾರರೂ ನಕ್ಕರು. ಒಲೆಯ ಮುಂದೆ ಐತ ಮಾತ್ರ ನಗಲಿಲ್ಲ. ಅವನ ಕೈಯಲ್ಲಿ ಸೋಸುವ ಬಟ್ಟೆ ಹಾಗೇ ತೂಗುತ್ತಿತ್ತು. ಈ ಹೆಂಗಸಿಗೆ ಬೇರೆಯವರ ಹೆಸರು ಹೇಳಲು ನಾಚಿಕೆ, ತನ್ನದನ್ನು ಹೇಳಲು ಇಲ್ಲ. ನಾನೋ, ಇನ್ನೊಬ್ಬರ ಹೆಸರನ್ನು, ಇನ್ನೊಬ್ಬರ ಅಪ್ಪನ ಹೆಸರನ್ನು ನೀರು ಕುಡಿದ ಹಾಗೆ ಹೇಳುತ್ತೇನೆ. ನನ್ನದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳು.

ಅಷ್ಟರಲ್ಲಿ ಹೆಬ್ಬಾರರು ಗಲ್ಲೆಯಿಂದ ಪಟ್ಟಿ ಹೇಳತೊಡಗಿದ್ದರು. ಅಡಿಗೆಯವರು ಆಯಿತು, ಅಣ್ಣು ಆಯಿತು. "ಮತ್ತೆ ಚಾದವ ರಮಾನಾಥ. ಹಳೇ ಪಟ್ಟಿಯಲ್ಲಿ ಉಂಟಲ್ಲ, ಹಾಗೇ ಬರೀರಿ."

ಮಾಸ್ತರರು ಹಳೆಯ ಪುಟದ ಮೇಲೆ ಬೆರಳಿಟ್ಟು ಒಲೆಯ ಕಡೆ ನೋಡಿದರು. ಮತ್ತೆ ಪುಟ ನೋಡಿದರು. "ಹೆಬ್ಬಾರರ, ಇಲ್ಲಿ ನಲವತ್ತು ಅಂತ ಅದ. ಐದು ವರ್ಷ ಆತು, ನಲವತ್ತೈದು ಆಗಬೇಕು. ಈ ಮನಷ್ಯಾಗ ಮೂವತ್ತೂ ತುಂಬಿಲ್ಲ. ನಿಮ್ಮ ಚಾ ಕುಡದ್ರ ವಯಸ್ಸು ಇಳೀತದೇನು? ಹಂಗಿದ್ರ ನನಗೂ ಎರಡು ಕಪ್ಪು ಹಾಕ್ರಿ."

"ನೀವೊಬ್ರು ಮಾಸ್ತ್ರೇ! ಅದು ಹೋಟೆಲಿನ ಹೆಸರು. ಒಬ್ಬ ಹೋದ್ರೆ ಇನ್ನೊಬ್ಬ ಬರ್ತಾನೆ."

"ಹೋಟೆಲಿಗೆ ಮತ ಇಲ್ರಿ. ಮನಷ್ಯಾಗ ಅದ. ನಾಳೆ ಇವ ಹೋದಾ ಅಂದ್ರ ಇವನ ಮತ ಒಲೀನ ಹಾಕ್ತದೇನು? ಏ ತಮ್ಮಾ, ಬಾ ಇಲ್ಲೆ. ನಿನ್ನ ಹೆಸರು ನೀನಾ ಹೇಳು."

ಐತ ಕೈ ಒರೆಸಿಕೊಂಡು ಹೊರಟ. ಅಣ್ಣು ತಟ್ಟೆ ಹಿಡಿದುಕೊಂಡೇ ಅಡ್ಡ ಬಂದು ತುಳುವಿನಲ್ಲಿ ಪಿಸುಗುಟ್ಟಿದ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಮಾರಾಯ, ರಮಾನಾಥ ಅಂತ ಹೇಳಿ ಮುಗಿಸು. ನಿನ್ನ ಹೆಸರು ಕೇಳಿದ್ರೆ ಮಾಸ್ತರಿಗೆ ಏನೂ ತಿಳಿಯುದಿಲ್ಲ, ಅವ ಘಟ್ಟದ ಮೇಲಿನವ. ಧಣಿಗೆ ತಿಳೀತದೆ. ಒಲೆ ಹೋಗ್ತದೆ, ಅಟ್ಟ ಹೋಗ್ತದೆ. ಹೆಸರು ಎಂತ ಹೊಟ್ಟೆಗೆ ಹಾಕ್ತದಾ?"

"ಇಷ್ಟು ವರ್ಷ ಹೊಟ್ಟೆಗೆ ಹಾಕಿದ್ದು ಹೆಸರೇ ಅಲ್ವಾ ಅಣ್ಣು? ಯಾರದ್ದೋ."

ಮೇಜಿನವರೆಗೆ ಆರು ಹೆಜ್ಜೆ. ಆ ಆರು ಹೆಜ್ಜೆಯಲ್ಲಿ ಅವನಿಗೆ ಏನೇನೋ ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದೇ ಹೊಳೆಯಿತು. ಕೊಪ್ಪದ ಮೂವರು ಐತಂದಿರಲ್ಲಿ ತನ್ನನ್ನು ಮಾತ್ರ ಅಪ್ಪ ಬೇರೆ ಮಾಡಿ ಕರೆಯುತ್ತಿದ್ದ, ಸಂಜೆ ಹೊತ್ತು, ಗುಡ್ಡದ ಮೇಲಿಂದ, ಕೊನೆಯ ಅಕ್ಷರವನ್ನು ಎಳೆದು ಎಳೆದು. ಉಳಿದಿಬ್ಬರು ಆಗ ತಿರುಗಿಯೂ ನೋಡುತ್ತಿರಲಿಲ್ಲ. ಅದು ತನಗೇ ಎಂದು ಎಲ್ಲರಿಗೂ ಗೊತ್ತಿತ್ತು.

"ಐತ," ಎಂದ.

"ಏನು? ಗಟ್ಟಿ ಹೇಳು."

"ಐತ. ತಂದೆ ದೂಜ. ವಯಸ್ಸು ಇಪ್ಪತ್ತೇಳು."

"ಅಡ್ಡಹೆಸರು? ಮುಂಬೈಯೊಳಗ ಅದಿಲ್ದ ಗಾಡಿ ನಡಿಯೂದಿಲ್ಲಪಾ."

"ಇಲ್ಲ."

"ಇಲ್ಲಂದ್ರ ಇಲ್ಲ. ಗೆರಿ ಎಳೀತೀನಿ." ಮಾಸ್ತರರು ಪೆನ್ನನ್ನು ಮಸಿಯಲ್ಲಿ ಅದ್ದಿ ಬರೆದರು. ಐತ ಬಗ್ಗಿ ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ.

"ಇದರಲ್ಲಿ ನನ್ನ ಅಪ್ಪ ಯಾವುದು?"

ಮಾಸ್ತರರು ಪೆನ್ನಿನ ತುದಿಯಿಂದ ತೋರಿಸಿದರು. ಐತ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಅಪ್ಪ ಅಷ್ಟು ಚಿಕ್ಕವನಾಗಿ, ಅಷ್ಟು ಕಪ್ಪಗೆ, ಸರಕಾರದ ಕಾಗದದ ಮೇಲೆ ಕಾಲು ಚಾಚಿ ಕೂತಿದ್ದ.

ಗಲ್ಲೆಯಲ್ಲಿ ಹೆಬ್ಬಾರರ ಕೈ ನಿಂತೇಹೋಗಿತ್ತು. ಉಡುಪಿ ಸೀಮೆಯಲ್ಲಿ ಹುಟ್ಟಿದವನಿಗೆ ಐತ, ತಂದೆ ದೂಜ ಎಂದರೆ ಮುಂದೆ ಏನನ್ನೂ ಕೇಳಬೇಕಾಗಿಲ್ಲ. ಕುಲ, ಗೋತ್ರ, ನಿಲ್ಲಬೇಕಾದ ದೂರ ಎಲ್ಲ ಅದರಲ್ಲೇ ಬಂತು. ಅವರು ಎದ್ದು ಐತನನ್ನು ಅಕ್ಕಿ ಚೀಲಗಳ ಹಿಂದಕ್ಕೆ ಕರೆದರು. ಮುಟ್ಟದೆ, ಬೆರಳಿನಲ್ಲೇ.

"ನೋಡು, ನಾನು ಕೇಳ್ಲಿಲ್ಲ. ನನಗೆ ಎಂತದೂ ಕೇಳ್ಲಿಲ್ಲ. ಹೋಗಿ ಬಾಯಿ ತಪ್ಪಿ ಬಂತು ಅಂತ ಹೇಳು. ರಮಾನಾಥ ಅಂತ ಬರೆಸು. ನಿನಗೆ ನಿನ್ನ ಒಲೆ, ನನಗೆ ನನ್ನ ಗಲ್ಲೆ. ಯಾರಿಗೂ ಉಪದ್ರ ಇಲ್ಲ."

"ಇಲ್ಲದಿದ್ರೆ ಧಣಿ?"

"ಇಲ್ಲದಿದ್ರೆ ನನಗೆ ಕೇಳಿದ ಹಾಗೆ ಆಗ್ತದೆ. ಮತ್ತೆ ನೀನು ಆ ಹಾಲು ಮುಟ್ಟುವ ಹಾಗಿಲ್ಲ. ಅಟ್ಟದಲ್ಲಿ ಮಲಗುವ ಹಾಗೂ ಇಲ್ಲ."

ಇದಕ್ಕಿಂತ ಸಲೀಸಾದ ವ್ಯಾಪಾರ ಬೇರೆ ಇರಲಿಲ್ಲ. ಒಂದು ಸುಳ್ಳು, ಅದೂ ಹಳೆಯದು, ಅಭ್ಯಾಸವಾದದ್ದು. ಏಳು ವರ್ಷದಲ್ಲಿ ದಿನಕ್ಕೆ ನೂರು ಸಲ ಓಗೊಟ್ಟದ್ದು. ಐತ ಚೀಲದ ಮೇಲಿನ ಒಂದು ಅಕ್ಕಿ ಕಾಳನ್ನು ಉಗುರಿನಲ್ಲಿ ಸರಿಸಿದ.

"ಬರೆದದ್ದು ಬರೆದ ಹಾಗೇ ಇರಲಿ ಧಣಿ."

ಹೆಬ್ಬಾರರ ಮುಖ ಕುದಿದು ಉಕ್ಕಿತು. "ಅಣ್ಣೂ! ಆ ಹಾಲು ಮೋರಿಗೆ ಚೆಲ್ಲು! ಪಾತ್ರೆ ಹೊರಗೆ ಹಾಕು!"

ಅಣ್ಣು ಹಾಲಿನ ಪಾತ್ರೆಯ ಎರಡೂ ಕಿವಿ ಹಿಡಿದು ಎತ್ತಿದ. ಎತ್ತಿ, ಹಾಗೇ ನಿಂತ. ಹೆದರುವ ಆಸಾಮಿಯೇ; ಆದರೆ ಕೆಲವು ಮಾತುಗಳು ಹೆದರಿಕೆಗಿಂತ ಮೊದಲೇ ಬಾಯಿಗೆ ಬರುತ್ತವೆ. "ಇದನ್ನು ಚೆಲ್ತೇನೆ ಧಣಿ. ಆದ್ರೆ ಏಳು ವರ್ಷ ದಿನಾ ಬೆಳಿಗ್ಗೆ ನೀವು ಮೊದಲು ಕುಡಿದದ್ದು ಇವನ ಕೈಯ ಚಾ ಅಲ್ವಾ? ಅದನ್ನು ಎಲ್ಲಿ ಚೆಲ್ಲುದು?"

"ಯವ್ವಾ! ಏಳು ವರ್ಷದ್ದು ಮೋರಿಗೆ ಬಿಟ್ರ ಟೇಸನ್ನಿನ ತನಕ ಮಹಾಪೂರ ಬರತೈತಿ!" ಎಂದಳು ಚಂದ್ರವ್ವ. ಅವಳು ಹೋಗದೆ ಅಲ್ಲೇ ಬುಟ್ಟಿಯ ಮೇಲೆ ಕೂತಿದ್ದಳು.

ಹಾಲು ಮಾತ್ರ ಚೆಲ್ಲಿತು. ಐತ ಸೊಂಟಕ್ಕೆ ಸಿಕ್ಕಿಸಿದ್ದ ಕೈ ಒರೆಸುವ ವಸ್ತ್ರವನ್ನು ಒಲೆಯ ಬಳಿ ಮಡಿಸಿಟ್ಟು ದೂರ ಸರಿದ.

ಸರಿಯಾಗಿ ಆಗಲೇ ಶೆಡ್ಡಿನ ರಾತ್ರಿಪಾಳಿ ಮುಗಿಸಿದವರ ಹಿಂಡು ಬಂತು. ಮೂವತ್ತು ಜನ, ಮೂವತ್ತು ಗಂಟಲು. "ರಮಾನಾಥ, ದೋನ್ ಚಾ!" "ರಮಾನಾಥ, ಕಡಕ್!" ಒಳಗಿನ ಅಡಿಗೆಯವರು ದೋಸೆಯ ಸಟ್ಟುಗ ಬಿಟ್ಟು ಬರಲೊಪ್ಪಲಿಲ್ಲ. ಅಣ್ಣುವಿಗೆ ಚಾ ಬರುವುದಿಲ್ಲ, ಬಂದರೂ ಬರುವುದಿಲ್ಲವೆನ್ನುತ್ತಿದ್ದ. ಕೊನೆಗೆ ಹೆಬ್ಬಾರರೇ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತರು. ಹೊಸ ಹಾಲು ಉಕ್ಕಿ ಇದ್ದಿಲಿಗೆ ಬಿತ್ತು, ಪುಡಿ ತೇಲಿತು, ಸೋಸುವ ಬಟ್ಟೆ ಕೈ ಸುಟ್ಟಿತು.

"ಏ ರಮಾನಾಥ, ಕಿತ್ನಾ ಟೈಮ್?"

"ನಾನು ರಮಾನಾಥ ಅಲ್ಲ! ಮೈ ಮಾಲಕ್ ಹೈ!"

"ಚೂಲ್ಹೆ ಪೆ ಖಡಾ ಹೈ, ಔರ್ ಬೋಲ್ತಾ ಹೈ ರಮಾನಾಥ ನಹೀ! ಚಲ್, ಜಲ್ದಿ ಕರ್ ರಮಾನಾಥ!"

ಒಲೆಯ ಮುಂದೆ ನಿಂತು ರಮಾನಾಥ ಅಲ್ಲವೆಂದರೆ ಯಾರು ನಂಬುತ್ತಾರೆ! ಒಲೆಯ ಶಾಖ ಒಂದು ಕಡೆ, ಆ ಕೂಗು ಇನ್ನೊಂದು ಕಡೆ. ಹೆಬ್ಬಾರರು ತಮ್ಮ ಹೆಸರು, ತಮ್ಮ ಅಜ್ಜನ ಹೆಸರು, ಅಗ್ರಹಾರದ ಹೆಸರು ಎಲ್ಲವನ್ನೂ ಹೇಳಬಹುದಾಗಿತ್ತು. ಆದರೆ ಚಾ ಬೇಕಾದವನಿಗೆ ಅವನ್ನೆಲ್ಲ ಕೇಳುವ ಪುರುಸೊತ್ತು ಎಲ್ಲಿ? ಐದೇ ನಿಮಿಷದಲ್ಲಿ ಅವರು ತಮಗೆ ತಿಳಿಯದೆಯೇ "ಹಾ, ಆಯಾ ಆಯಾ" ಎಂದು ಓಗೊಡತೊಡಗಿದ್ದರು.

ಐತ ಹೊರಗೆ ಹೋಗಿರಲಿಲ್ಲ. ಅಟ್ಟದಿಂದ ತನ್ನ ತಗಡಿನ ಪೆಟ್ಟಿಗೆ ಇಳಿಸಿಕೊಂಡು ಬಂದು, ಮಾಸ್ತರರ ಎದುರಿನ ಬೆಂಚಿನ ಮೇಲೆ ಕೂತ. ಏಳು ವರ್ಷದಲ್ಲಿ ಮೊದಲ ಸಲ. ಆ ಕಡೆಯಿಂದ ನೋಡಿದರೆ ಒಲೆ ಎಷ್ಟು ಚಿಕ್ಕದು ಎನಿಸಿತು.

"ಒಂದು ಚಾ," ಎಂದ.

ಹೆಬ್ಬಾರರ ಕೈಯ ಲೋಟ ಗಾಳಿಯಲ್ಲೇ ನಿಂತಿತು. ಮಾಸ್ತರರು ರಿಜಿಸ್ಟರಿನಿಂದ ತಲೆ ಎತ್ತದೆ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದರು: "ಹೋದ ವರ್ಷ ಕಾಯ್ದೆ ಬಂದದ. ಹೋಟೆಲಿನ್ಯಾಗ ಬಂದು ಕುಂತವಗ ಮುಟ್ಟು ಮೈಲಿಗಿ ಅಂತ ಚಾ ಇಲ್ಲ ಅಂದ್ರ, ಜೇಲು. ನಾ ಏನೂ ಅನ್ಲಿಲ್ಲ. ಬರೇ ಕಾಯ್ದೆ ಹೇಳಿದೆ."

ಕಾಯ್ದೆಯ ಪುಸ್ತಕ ಆ ಬೀದಿಗೆ ಎಂದೂ ಬಂದಿರಲಿಲ್ಲ. ಆ ದಿನ ಮಾತ್ರ ಬಂದು ಬೆಂಚಿನ ಮೇಲೆ ಕೂತಿತ್ತು. ಹೆಬ್ಬಾರರು ಲೋಟ ತಂದು ಮೇಜಿನ ಮೇಲೆ ಇಟ್ಟರು. ಐತ ಒಂದು ಗುಟುಕು ಕುಡಿದು ಬಾಯಲ್ಲೇ ಹಿಡಿದುಕೊಂಡ. ನುಂಗುವುದಕ್ಕೆ ಧೈರ್ಯ ಬೇಕಾಗಿತ್ತು.

"ಹಾಲು ಮೊದಲೇ ಹೊಯ್ದಿರಿ," ಎಂದ, ನುಂಗಿದ ಮೇಲೆ.

ಅತ್ತ ಶೆಡ್ಡಿನವರಲ್ಲಿ ಇಬ್ಬರು ಚಾದ ರುಚಿಗೆ ಮುಖ ಕಿವುಚಿ ಅರ್ಧ ಲೋಟ ಬಿಟ್ಟು ಎದ್ದರು. ಮತ್ತೆ ನಾಲ್ವರು ಎದ್ದು ಎದುರಿನ ಇರಾನಿಯ ಚಾದಂಗಡಿ ಕಡೆ ನೋಡಿದರು. ಹೆಬ್ಬಾರರು ಅದನ್ನು ನೋಡಿದರು. ಮಡಿ ಒಂದು ಕಡೆ ಎಳೆಯಿತು, ಗಲ್ಲೆ ಇನ್ನೊಂದು ಕಡೆ. ಗಲ್ಲೆಯ ಎಳೆತ ಯಾವತ್ತೂ ಗಟ್ಟಿ.

"ಸಾಕು ನಾಟಕ. ಬಾ ಒಲೆಗೆ," ಎಂದರು ಮೆಲ್ಲಗೆ.

"ಯಾರನ್ನು ಕರೆದದ್ದು ಧಣಿ?"

"ನಿನ್ನನ್ನೇ."

"ನಾನು ಅಂದ್ರೆ?"

ಹೆಬ್ಬಾರರು ಸುಟ್ಟ ಕೈಯನ್ನು ಪಂಚೆಯ ಅಂಚಿಗೆ ಒರೆಸಿಕೊಂಡರು. ಅವರ ಬಾಯಿಗೆ ಆ ಹೆಸರು ಹೊಸದೇನಲ್ಲ. ಊರಿನಲ್ಲಿ ಗದ್ದೆಯ ಬದುವಿನಿಂದ ಎಷ್ಟು ಸಲ ಕೂಗಿರಲಿಕ್ಕಿಲ್ಲ! ಆದರೆ ಅದು ದೂರದಿಂದ ಕೂಗುವ ಹೆಸರು. ಬೆಂಚಿನ ಮೇಲೆ ಕೂತವನನ್ನು, ನಿಂತುಕೊಂಡು, ಬೇಡುವ ದನಿಯಲ್ಲಿ ಆ ಹೆಸರು ಹಿಡಿದು ಕರೆಯುವುದನ್ನು ಅವರ ನಾಲಗೆಗೆ ಯಾರೂ ಕಲಿಸಿರಲಿಲ್ಲ.

"ಒಡಪ ಹಾಕ್ರಿ ಹೆಬ್ಬಾರರ! ಪಾಪ ಹತ್ತೂದಿಲ್ಲ!" ಎಂದು ಚಂದ್ರವ್ವ ಬುಟ್ಟಿ ತಟ್ಟಿದಳು. ಅಣ್ಣು ಒಳಗೆ ಓಡಿಹೋಗಿ ಅಡಿಗೆಮನೆಯ ಗೋಡೆಗೆ ಮುಖ ಒತ್ತಿ ನಕ್ಕ.

ಐತ ಕಾದ. ಅವಸರವೇನೂ ಇರಲಿಲ್ಲ. ಲೋಟದ ತಳದಲ್ಲಿ ಪುಡಿ ಕೂತದ್ದನ್ನು ನೋಡಿದ, ಲೋಟ ತಿರುಗಿಸಿದ, ಕೊನೆಯ ಗುಟುಕನ್ನೂ ಕುಡಿದ. ಕೆಟ್ಟ ಚಾ. ಆದರೂ ಇನ್ನೊಬ್ಬರು ಮಾಡಿ ತಂದುಕೊಟ್ಟ ಚಾ. ಅದರ ದುಡ್ಡನ್ನು ಮೇಜಿನ ಮೇಲಿಟ್ಟು ಎದ್ದ.

"ಇವತ್ತು ಆಗದಿದ್ರೆ ಬೇಡ ಧಣಿ. ನಾಳೆ ಬೆಳಿಗ್ಗೆ ಬರ್ತೇನೆ. ನಾಡಿದ್ದೂ ಬರ್ತೇನೆ. ಹೆಸರು ಹಿಡಿದು ಕರೆದ್ರೆ ಒಲೆಗೆ, ಕರೆಯದಿದ್ರೆ ಇದೇ ಬೆಂಚಿಗೆ."

ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಚಂದ್ರವ್ವ ಬುಟ್ಟಿ ಎತ್ತಿಕೊಂಡು, "ನಮ್ಮ ಚಾಳಿನ ಪಡಸಾಲಿ ಖಾಲಿ ಅದ, ನಡಿ ತಮ್ಮಾ. ಗೊರಕಿ ತಡಕೊಳ್ಳೂ ಶಕ್ತಿ ಇದ್ರ ಸಾಕು," ಎಂದು ಮುಂದೆ ನಡೆದಳು. ಹೊರಗೆ ಬಿಸಿಲು ಬಲಿತಿತ್ತು. ಹಿಂದಿನಿಂದ ಯಾರೋ ರಮಾನಾಥ ಎಂದು ಕೂಗಿದರು. ಐತನ ಕುತ್ತಿಗೆ ಅರ್ಧ ತಿರುಗಿತು, ಹಳೆಯ ಅಭ್ಯಾಸ. ಅವನು ಅದನ್ನು ಹಿಡಿದು ನೆಟ್ಟಗೆ ಮಾಡಿಕೊಂಡು, ರಸ್ತೆ ದಾಟಿದ.